ಕಂಪ್ಯೂಟರಿನ ಹಣೆ

ಆಯುಧಪೂಜೆಯ ದಿನ ಲೋಕದ ಸಕಲ ವಸ್ತುಗಳಿಗೂ ಹಣೆ ಮೂಡುವುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಮಿಕ್ಕ ದಿನಗಳಲ್ಲಿ ಮುಖವೇ ಇಲ್ಲದ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆಗಳೆಲ್ಲ ಅಂದು ಸಾಲಾಗಿ ಕುಳಿತು ಗಂಧ ಕುಂಕುಮ ಇಡಿಸಿಕೊಳ್ಳುತ್ತವೆ. ಯಾವುದರ ಹಣೆ ಎಲ್ಲಿದೆ ಎಂಬ ಅಂಗರಚನಾಶಾಸ್ತ್ರ ಮಾತ್ರ ಮನೆಯ ಹೆಂಗಸರಿಗಷ್ಟೇ ಸಿದ್ಧಿಸಿದ ವಿದ್ಯೆ. ಕೋಲಾರದ ನಮ್ಮ ಮನೆಯಲ್ಲಿ ಈ ವಿದ್ಯೆಯ ಅಧಿಕಾರಿಣಿ ನನ್ನ ಹೆಂಡತಿ ಸುಜಾತ. ಎಲ್ಲಕ್ಕೂ ಬೊಟ್ಟಿಟ್ಟು ಮುಗಿದ ಮೇಲೆ ಉಂಗುರದ ಬೆರಳಲ್ಲಿ ಉಳಿದ ಕುಂಕುಮವನ್ನು ಎಡಗಿವಿಯ ಹಿಂದೆ ಒರೆಸಿಕೊಳ್ಳುವುದು ಅವಳ ರೂಢಿ. ದಿಂಬಿನ ಚೀಲಗಳೆಲ್ಲ ಕೆಂಪಾಗುತ್ತವೆಂದು ಮದುವೆಯಾದಾಗಿನಿಂದ ನಾನು ಗೊಣಗುತ್ತಲೇ ಇದ್ದೇನೆ.

ಈ ಸಲ ಆ ಸಾಲಿಗೆ ಗ್ರಾಫಿಕ್ಸ್ ಕಾರ್ಡೊಂದು ಸೇರಿತು. ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರಿಗೆ ವಿಡಿಯೋ ಗೇಮಿನ ಹುಡುಗರ ಈ ಸಾಮಾನು ಯಾಕೆ ಬೇಕಾಯಿತೆಂದರೆ, ನನ್ನ ಅತ್ತೆಯವರ ಮುಖ ಹುಡುಕುವುದಕ್ಕೆ. ಸುಜಾತಳಿಗೆ ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಇದ್ದ ಫೋಟೋಗಳನ್ನು ಗೆದ್ದಲು ತಿಂದಿತು. ಉಳಿದದ್ದು ಅವರ ತಂಗಿ, ರಾಯಲ್ಪಾಡಿನ ಚಿಕ್ಕಮ್ಮನ ಮದುವೆಯ ವಿಡಿಯೋ ಕ್ಯಾಸೆಟ್ಟು ಮಾತ್ರ. ಅದನ್ನು ಕಂಪ್ಯೂಟರಿಗೆ ಇಳಿಸಿ ನೋಡಿದರೆ ಚಪ್ಪರದಡಿಯ ಹೆಂಗಸರ ಮುಖಗಳೆಲ್ಲ ಒಂದೇ ಅಚ್ಚಿನ ರಾಗಿಮುದ್ದೆಗಳಾಗಿದ್ದವು. ಅವರಲ್ಲಿ ತನ್ನ ತಾಯಿ ಯಾರೆಂಬುದೇ ಸುಜಾತಳಿಗೆ ತಿಳಿಯದು.

ಹೇಳಬಲ್ಲವರು ಚಿಕ್ಕಮ್ಮ ಒಬ್ಬರೇ. ಅವರು ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದರು. ಹೊಸ ಕಣ್ಣಿನಿಂದ ನೋಡಿದರೂ ಹಳೆಯ ಮಸುಕು ಮಸುಕೇ. ಭಾನುವಾರ ಊರಿಗೆ ಹೊರಡಲೇಬೇಕು, ತೋಟದಲ್ಲಿ ಟೊಮೆಟೊ ಬಿಡಿಸುವ ಕಾಲ. ಮಸುಕು ತಿಳಿಯಾಗಿಸುವ ತಂತ್ರಾಂಶವೊಂದು ಸಿಕ್ಕಿತ್ತು, ಆದರೆ ಈ ಕಾರ್ಡಿಲ್ಲದೆ ಅದು ಕದಲುತ್ತಿರಲಿಲ್ಲ. ಹಾಗಾಗಿ ಹಬ್ಬದ ಹಿಂದಿನ ದಿನ ಕಾರ್ಡು ಬಂತು.

"ಏನ್ರೀ, ಇದ್ರ ಹಣೆ ಎಲ್ಲಿ?" ಎಂದಳು ಸುಜಾತ, ಮೊದಲ ಬಾರಿಗೆ ಅನುಮಾನಿಸಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಟ ನನ್ನದು. ಕಾರ್ಡಿನ ಕೆಳಗೆ ಚಿನ್ನದ ಲೇಪದ ಒಂದು ಅಂಚು ಥಳಥಳಿಸುತ್ತಿತ್ತು. ಚಿನ್ನ ಅಗೆದ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಬೇರೆ ಹಣೆ ಹೇಗೆ ಕಂಡೀತು? ಅಲ್ಲೇ ಇಡು ಎಂದೆ. ಅವಳು ತೇಯ್ದ ಗಂಧ ಹಚ್ಚಿ, ಮೇಲೆ ಕುಂಕುಮವಿಟ್ಟಳು. ಮರುದಿನ ನಾನು ಕುಂಕುಮವನ್ನು ಚೆನ್ನಾಗಿ ಒರೆಸಿ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದೆ.

ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಕಾರ್ಡಿನ ಫ್ಯಾನು ಗಿರಗಿರ ತಿರುಗುತ್ತಿತ್ತು, ಜೀವವಿತ್ತು, ಆದರೆ ಪರದೆಯ ಮೇಲಿನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಕಾರಣ ಹುಡುಕುತ್ತ ಓದಿದಾಗ ಒಂದು ಸಂಗತಿ ತಿಳಿಯಿತು: ಯಂತ್ರವು ಪ್ರತಿಸಲ ಎಚ್ಚರಗೊಳ್ಳುವಾಗಲೂ ತನ್ನೊಳಗಿನ ಒಂದೊಂದು ಗೂಡಿಗೂ ಹೋಗಿ 'ಯಾರಿದ್ದೀರಿ?' ಎಂದು ವಿಚಾರಿಸುತ್ತದಂತೆ. ಒಳಗಿದ್ದವರು ತಮ್ಮ ಮನೆತನವನ್ನೂ ಹೆಸರನ್ನೂ ಹೇಳಬೇಕಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ, ನಮಗೆ ಕೇಳಿಸದ ಹಾಗೆ, ಇಷ್ಟೆಲ್ಲ ಕ್ಷೇಮಸಮಾಚಾರ ನಡೆದುಹೋಗುತ್ತದೆ. ದಿನವೂ ಹಾಜರಿ ಕರೆಯುವ ನನಗೆ ಇದನ್ನು ಓದಿ ಮೈ ಜುಮ್ಮೆಂದಿತು.

ನಮ್ಮ ಕಾರ್ಡು ಮಾತ್ರ ಹಾಜರಿ ಹೇಳುತ್ತಿರಲಿಲ್ಲ. ತಂತಿ ಬದಲಾಯಿಸಿದೆ, ಡ್ರೈವರ್ ಎಂಬ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದೆ. "ಸರಿಯಾಗಿ ಕೂತಿದ್ಯಾ ನೋಡಿ ಸಾರ್" ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದ್ದಕ್ಕೆ, ಮುನಿದ ಅಳಿಯನನ್ನು ಕೂರಿಸುವ ಹಾಗೆ ಎಬ್ಬಿಸಿ ಎಬ್ಬಿಸಿ ಕೂರಿಸಿದೆ. ಶನಿವಾರ ಸಂಜೆ ಚಿಕ್ಕಮ್ಮ ಬ್ಯಾಗಿಗೆ ಬಟ್ಟೆ ತುಂಬತೊಡಗಿದರು. ಸುಜಾತ ನನ್ನ ಬೆನ್ನ ಹಿಂದೆ ನಿಂತು, "ಹೋಗ್ಲಿ ಬಿಡ್ರೀ. ನೋಡ್ದೇನೇ ಇಷ್ಟು ವರ್ಷ ಕಳೀಲಿಲ್ವಾ" ಎಂದಳು.

ಆಗಲೇ ಚಿಕ್ಕಮ್ಮ ಕೋಣೆಗೆ ಬಂದು ಮೂಗರಳಿಸಿದರು. "ಇದೇನಮ್ಮಾ, ನಿಮ್ ಕಂಪ್ಯೂಟರಲ್ಲಿ ದೇವರ ಮನೆ ವಾಸ್ನೆ ಬತ್ತದೆ?"

ಗಂಧ! ಕುಂಕುಮ ಕೆಂಪು, ಕಣ್ಣಿಗೆ ಬಿದ್ದಿತ್ತು, ಒರೆಸಿದ್ದೆ. ಗಂಧವೋ ಚಿನ್ನದ ಬಣ್ಣಕ್ಕೆ ಬಣ್ಣ ಸೇರಿಸಿಕೊಂಡು, ತೆಳ್ಳಗೆ ಒಣಗಿ, ಕಾರ್ಡಿನ ಬಾಯಿ ಕಟ್ಟಿ ಕೂತಿತ್ತು. ಈಗ ಯಂತ್ರದ ಕಾವಿಗೆ ಘಮಘಮಿಸುತ್ತಿತ್ತು. ನಾನು ಹಣೆಯೆಂದು ತೋರಿಸಿದ್ದು ಪಾಪ, ಗೂಡಿನೊಳಗೆ ಸೇರಿ ಯಂತ್ರದೊಡನೆ ಮಾತಾಡುವ ಅದರ ನಾಲಿಗೆ. ಕಾರ್ಡನ್ನು ಹೊರತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದೆ. ಈ ಸಲ ಕೇಳಿದ ತಕ್ಷಣ ಅದು ಹೆಸರು ಹೇಳಿತು.

ಬೆಳಗಾಗುವಷ್ಟರಲ್ಲಿ ತಿಳಿಯಾದ ವಿಡಿಯೋ ಸಿದ್ಧವಾಗಿತ್ತು. ಮೂವರೂ ಕಾಫಿ ಲೋಟ ಹಿಡಿದು ಕುಳಿತೆವು. ಆದರೆ ತಂತ್ರಾಂಶವು ಅತಿ ಉತ್ಸಾಹದಿಂದ ಎಲ್ಲರ ಮುಖಗಳನ್ನೂ ತಿದ್ದಿ ತೀಡಿ ನುಣ್ಣಗೆ ಮಾಡಿಬಿಟ್ಟಿತ್ತು. ಚಿಕ್ಕಮ್ಮ ಬಹಳ ಹೊತ್ತು ನೋಡಿ, "ಇವ್ರೆಲ್ಲಾ ಯಾರೋ ಸಿನಿಮಾದೋರಿದ್ದಂಗವ್ರೆ ಕಣೇ" ಎಂದು ತಲೆಯಾಡಿಸಿದರು. ಸುಜಾತ ಲೋಟ ಕೆಳಗಿಟ್ಟಳು.

ಪರದೆಯ ಮೇಲೆ ಚಪ್ಪರದ ಬಾಗಿಲಲ್ಲಿ ಒಬ್ಬ ಹೆಂಗಸು ಬಂದವರಿಗೆಲ್ಲ ಕುಂಕುಮ ಕೊಡುತ್ತಿದ್ದಳು. ಹಿಂದೆ ಬರೀ ಮಂಜಾಗಿದ್ದ ಅವಳ ಕೈ ಈಗ ಬೆರಳು ಬೆರಳಾಗಿ ಕಾಣುತ್ತಿತ್ತು. ಸಾಲು ಮುಗಿಯಿತು. ಅವಳು ಸುತ್ತ ಒಮ್ಮೆ ನೋಡಿ, ಉಂಗುರದ ಬೆರಳನ್ನು ಎಡಗಿವಿಯ ಹಿಂದೆ ಒರೆಸಿಕೊಂಡಳು.

"ಅದಿಗೋ, ಮಾ ಅಕ್ಕ" ಎಂದರು ಚಿಕ್ಕಮ್ಮ, ಮೆಲ್ಲಗೆ, ತೆಲುಗಿಗೆ ಜಾರಿ. "ರವಿಕೆಯೆಲ್ಲಾ ಕೆಂಪು ಮಾಡ್ಕೊಂತೀಯ ಅಂತ ನಮ್ಮಮ್ಮ ಎಷ್ಟ್ ಬೈಯೋರು ಗೊತ್ತಾ."

ಸುಜಾತಳ ಕೈ ತಾನಾಗಿ ಅವಳ ಕಿವಿಯ ಹಿಂದೆ ಹೋಗಿತ್ತು. ಯಾರೂ ಕಲಿಸಿದ್ದಲ್ಲ, ಅವಳಿಗೇ ನೆನಪಿರುವುದೂ ಅಲ್ಲ. ಸೊಂಟದ ಮೇಲೆ ಕುಳಿತ ಕೂಸು ಕಂಡದ್ದೋ, ಹುಟ್ಟುವಾಗಲೇ ತಂದದ್ದೋ, ಯಾರು ಹೇಳಬಲ್ಲರು? ನಾನು ಇಷ್ಟು ವರ್ಷ ದಿಂಬಿನ ಮೇಲಿನ ಕಲೆಯೆಂದು ಗೊಣಗಿದ್ದು ಅತ್ತೆಯವರ ಗುರುತನ್ನು.

ಬಸ್ಸಿಗೆ ಹೊತ್ತಾಯಿತು. ಹೊರಟುನಿಂತ ಚಿಕ್ಕಮ್ಮನಿಗೆ ಸುಜಾತ ಕುಂಕುಮವಿಟ್ಟು ಕಾಲಿಗೆರಗಿದಳು. ಬಟ್ಟಲು ಹಿಡಿದೇ ಒಳಬಂದು, ಪರದೆಯ ಮೇಲೆ ನಿಲ್ಲಿಸಿದ್ದ ಚಿತ್ರದ ಮುಂದೆ ಕ್ಷಣಹೊತ್ತು ನಿಂತಳು. ಈ ಸಲ ಹಣೆ ಎಲ್ಲಿ ಎಂದು ನನ್ನನ್ನು ಕೇಳಲಿಲ್ಲ. ಗಾಜಿನ ಮೇಲೆ ಅಮ್ಮನಿಗೆ ಒಂದು ಬೊಟ್ಟಿಟ್ಟು, ಉಳಿದದ್ದನ್ನು ಕಿವಿಯ ಹಿಂದೆ ಒರೆಸಿಕೊಂಡಳು.