ಮಂಗಳದ ಬಾಗಿಲಿಗೆ ಬೇವಿನ ಸೊಪ್ಪು

ಶಿರಾ ಕಡೆಯ ಹುಲಿಕುಂಟೆ ಹತ್ತಿರ ನಾವು ಕಟ್ಟಿದ ಮಂಗಳ ಗ್ರಹದ ಮನೆಯ ಪ್ರಯೋಗ ಭರ್ಜರಿಯಾಗಿ ಗೆದ್ದಿತು ಎಂದು ನಮ್ಮ ಕಚೇರಿಯವರು ಈಗಲೂ ಹೇಳುತ್ತಾರೆ. ನಾಲ್ಕು ಜನ ಒಂದೂವರೆ ತಿಂಗಳು ಮುಚ್ಚಿದ ಗುಮ್ಮಟದೊಳಗೆ ಇದ್ದರು, ಸೊರಗುವ ಬದಲು ಮೈತುಂಬಿಕೊಂಡು ನಗುನಗುತ್ತಾ ಹೊರಗೆ ಬಂದರು, ಆದ್ದರಿಂದ ವಿನ್ಯಾಸ ಸರಿಯಾಗಿದೆ. ಈ ವಾದದಲ್ಲಿ ‘ಆದ್ದರಿಂದ’ ಎಂಬ ಪದವೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಜ.

ಎರಡು ವರ್ಷದ ಹಿಂದೆ ನಾನು ಬೆಂಗಳೂರಿನ ಆ ವಿನ್ಯಾಸ ಕಚೇರಿಗೆ ಸೇರಿದ್ದು ಆಕ್ಷೇಪಕಿಯಾಗಿ. ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಕೆಲಸವೇನೋ ಒಂದೇ: ವಿನ್ಯಾಸಕಾರರು ಏನು ಹೇಳಿದರೂ ‘ಅದು ಹೇಗೆ?’ ಎಂದು ಕೇಳುವುದು. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಲ್ಲಿ ಮಧುಗಿರಿಯ ನಮ್ಮ ಮನೆಯವರು ಸಾಸಿವೆ, ಜೀರಿಗೆ ಹಾಕಿಟ್ಟಿದ್ದರು. ಎದುರು ಮಾತಾಡುವುದಕ್ಕೂ ಸಂಬಳ ಕೊಡುವವರಿದ್ದಾರೆ ಎಂದು ಅವರನ್ನು ನಂಬಿಸುವುದೇ ನನ್ನ ಮೊದಲ ಕೆಲಸವಾಯಿತು.

ಮುಖ್ಯ ವಿನ್ಯಾಸಕಾರರು ಚಿನ್ಮಯ್ ಸರ್. ಮಂಗಳದಲ್ಲಿ ಮುಂದೊಂದು ದಿನ ನಗರ ಕಟ್ಟುವುದಾದರೆ ಮನುಷ್ಯರನ್ನು ಒಮ್ಮೆಲೇ ಅಲ್ಲಿಗೆ ಎಸೆಯಬಾರದು, ಮೆಲ್ಲಗೆ ಒಗ್ಗಿಸಬೇಕು ಎಂಬುದು ಅವರ ಸಿದ್ಧಾಂತ. ಅದಕ್ಕಾಗಿ ಅವರ ನಗರದಲ್ಲಿ ಮೂರು ಸುತ್ತುಗಳು. ಮೊದಲ ಸುತ್ತಿನಲ್ಲಿ ಊರಿನಂಥದೇ ಬೆಳಕು, ಊಟ. ಎರಡನೆಯದರಲ್ಲಿ ಕೆಂಪು ಮಬ್ಬು, ಪೊಟ್ಟಣದ ಆಹಾರ. ಮೂರನೆಯದು ಪೂರ್ತಿ ಮಂಗಳ. ಇದನ್ನು ಪರೀಕ್ಷಿಸಲು ಕಡಲೆಕಾಯಿ ಕಿತ್ತ ಹೊಲವೊಂದನ್ನು ಬಾಡಿಗೆಗೆ ಹಿಡಿದು ಗುಮ್ಮಟ ಎಬ್ಬಿಸಿದೆವು. ಅದಕ್ಕೊಂದು ಏರ್‌ಲಾಕ್, ಅಂದರೆ ಎರಡೂ ಒಟ್ಟಿಗೆ ತೆರೆಯದ ಜೋಡಿ ಬಾಗಿಲು. ಸಾಮಾನು ಒಳಗೆ ಕಳಿಸಲು ಪಕ್ಕದಲ್ಲೊಂದು ಗೂಡು.

ಒಳಗಿದ್ದ ನಾಲ್ವರಲ್ಲಿ ನಾಗರತ್ನ ಪಾವಗಡದ ಕಡೆಯ ಗುತ್ತಿಗೆ ನರ್ಸ್. ಪ್ರಯೋಗ ಗೆದ್ದರೆ ಮುಂದಿನ ದೊಡ್ಡ ಪ್ರಯೋಗದಲ್ಲಿ ಆಕೆಗೆ ಖಾಯಂ ಹುದ್ದೆ ಎಂದು ಮಾತಾಗಿತ್ತು. ಮೊದಲ ವಾರವೇ ಒಳಗಿನವರು ಸ್ನಾನದ ನೀರಿಗೆ, ಗೊರಕೆಗೆ, ಕೊನೆಗೆ ಒಬ್ಬರು ಅಗಿಯುವ ಸದ್ದಿಗೂ ಜಗಳಕ್ಕೆ ನಿಂತರು. ಕೆಂಪು ಮಬ್ಬು ಶುರುವಾದ ಮೇಲೆ ನಾಗರತ್ನ ಇಂಟರ್‌ಕಾಮಿನಲ್ಲಿ ನನ್ನೊಡನೆ ಅತ್ತದ್ದೂ ಉಂಟು. ನಾನು ಮುಂದಿನ ವಾರ ಹೋಗುವಷ್ಟರಲ್ಲಿ ಒಳಗೆ ನಗು ಕೇಳುತ್ತಿತ್ತು. ಚಿನ್ಮಯ್ ಸರ್ ಏರ್‌ಲಾಕಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

“ನೋಡಿದ್ರಾ? ಊರಿನವರೇ ಬಂದು ತೋರಣ ಕಟ್ಟಿದ್ದಾರೆ. ಕಮ್ಯುನಿಟಿ ಅಕ್ಸೆಪ್ಟೆನ್ಸ್!”

ಬಾಗಿಲ ಮೇಲಿದ್ದದ್ದು ಬೇವಿನ ಸೊಪ್ಪಿನ ಕಟ್ಟು. ನಮ್ಮ ಕಡೆ ಹುಟ್ಟಿದ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ಮನೆಯಲ್ಲಿ ಯಾರಿಗೋ ಸಿಡುಬಿನ ಜಾತಿಯದೇನೋ ಎದ್ದಿದೆ, ಅಂದರೆ ಅಮ್ಮ ಬಂದಿದ್ದಾಳೆ. ಒಳಗೆ ಹೋಗಬೇಡಿ, ತಂಪಾದದ್ದೇನಾದರೂ ಹೊರಗಿಟ್ಟು ಬನ್ನಿ. ಸರ್ ಆ ಫೋಟೋವನ್ನು ಯೋಜನೆಯ ಕೈಪಿಡಿಗೆ ಮುಖಪುಟ ಮಾಡಿಸಿದರು.

ಕಟ್ಟಿದವಳು ಹೊನ್ನಮ್ಮ. ಪಕ್ಕದ ಹೊಲದಲ್ಲಿ ಅವಳ ಮನೆಯವರ ಕುರಿಮಂದೆ ಬಿಡಾರ ಹೂಡಿತ್ತು. ಗುಮ್ಮಟದೊಳಗೆ ಜನ ಸೇರಿಕೊಂಡಿದ್ದಾರೆ, ಯಾರೂ ಹೊರಬರುವುದಿಲ್ಲ, ಊಟ ಗೂಡಿನಲ್ಲಿ ಹೋಗುತ್ತದೆ, ಒಳಗೆ ಹೆಂಗಸು ಅಳುತ್ತಾಳೆ. ಇಷ್ಟು ಸಾಕ್ಷ್ಯ ಅವಳಿಗೆ ಸಾಕಾಗಿತ್ತು. ದಿನಾ ಮಧ್ಯಾಹ್ನ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದು ಗೂಡಿನಲ್ಲಿ ರಾಗಿ ಅಂಬಲಿ, ಮೊಸರನ್ನ, ಎಳನೀರು ಇಡುತ್ತಿದ್ದಳು; ಒಳಗಿನವರು ಖಾಲಿ ಪಾತ್ರೆ ತಿರುಗಿಸಿ ಇಡುತ್ತಿದ್ದರು. ಬಳಿಕ ಗೋಡೆಗೆ ಒರಗಿ ಕೂತು, ಯಾರ ಸೊಸೆ ಮುನಿಸಿಕೊಂಡಳು, ಯಾರ ಟಗರು ಶಿರಾ ಸಂತೆಯಿಂದ ತಪ್ಪಿಸಿಕೊಂಡಿತು ಎಂದು ಒಳಗಿನವರಿಗೂ ಕೇಳುವಂತೆ ಸಂಜೆವರೆಗೆ ಮಾತು. ಪಡಸಾಲೆಯೊಂದನ್ನೇ ಹೊತ್ತು ತಂದು ಇಳಿಸಿದ ಹಾಗೆ.

ನಾನು ಅವಳನ್ನು ತಿದ್ದಲು ಹೋದೆ. ಒಳಗಿರುವವರಿಗೆ ಯಾವ ಕಾಯಿಲೆಯೂ ಇಲ್ಲ, ಬೇರೆ ಗ್ರಹದಲ್ಲಿ ಬದುಕುವ ಅಭ್ಯಾಸ ಮಾಡುತ್ತಿದ್ದಾರೆ ಎಂದು ಸಾವಧಾನವಾಗಿ ವಿವರಿಸಿದೆ.

“ಬುಡು ಕಣಮ್ಮ,” ಅಂದಳು ಹೊನ್ನಮ್ಮ. “ಅಮ್ಮ ಬಂದಿರೋ ಮನೇರು ಯಾವತ್ತೂ ಬಂದೈತೆ ಅಂತ ಒಪ್ಕಂಡವ್ರಾ? ಏನೂ ಇಲ್ಲ ಅಂತ್ಲೇ ಅನ್ನಾದು.”

ನಾನು ‘ಇಲ್ಲ’ ಅಂದಷ್ಟೂ ಅವಳ ಕಡೆ ಸಾಕ್ಷ್ಯ ಬೆಳೆಯುತ್ತಿತ್ತು. ಇದು ತರ್ಕದೋಷ ಎಂದು ತೀರ್ಪುಗಾರರ ಮುಂದೆ ತೋರಿಸಿಕೊಡಬಲ್ಲೆ. ಅಲ್ಲಿದ್ದ ತೀರ್ಪುಗಾರರು ಅವಳ ಕುರಿಗಳು.

ಪ್ರಯೋಗ ಮುಗಿದ ದಿನ ನಾಲ್ವರೂ ಹೊರಬಂದರು. ಡಾಕ್ಟರು ಬಿಪಿ ಯಂತ್ರ ಬಿಚ್ಚುವಷ್ಟರಲ್ಲಿ ಹೊನ್ನಮ್ಮನ ಗುಂಪು ಅರಿಶಿನ, ಬೇವು ಕಲಸಿದ ನೀರನ್ನು ಅವರ ತಲೆಯ ಮೇಲೆ ಸುರಿದಾಗಿತ್ತು. ಅಮ್ಮ ಇಳಿದ ಮೇಲೆ ಹಾಗೆ ಮೀಯಿಸಬೇಕಲ್ಲ. ಚಿನ್ಮಯ್ ಸರ್ ಕಣ್ಣಲ್ಲಿ ನೀರು. ಇಷ್ಟು ಆತ್ಮೀಯ ಸ್ವಾಗತವನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ.

ಯೋಜನೆಗೆ ನೆರವು ಕೊಡುವವರ ಸಭೆಯ ಹಿಂದಿನ ದಿನ ನಾಗರತ್ನ ಫೋನ್ ಮಾಡಿದಳು.

“ಏ ಪಾಪಾ, ಆ ಮೊಸರನ್ನದ್ ಸಂಗತಿ ಎತ್ತಬ್ಯಾಡ. ಎತ್ತಿದ್ರೆ ಇದೆಲ್ಲಾ ಕ್ಯಾನ್ಸಲ್ಲು, ನಂಗೆ ತಿರುಗಾ ಗುತ್ತಿಗೇನೇ. ಆಮೇಲೆ ನೇನೇಂ ಚೆಯ್ಯಾಲಿ, ಚೆಪ್ಪು?”

ನಾನೇನು ಮಾಡಲಿ ಹೇಳು ಎಂದು ತೆಲುಗು ಬೆರೆಸಿ ಕೇಳಿದವಳಿಗೆ ನನ್ನಲ್ಲಿ ಒಂದು ಉಪಾಯವಿತ್ತು. ಸಂಗತಿ ಮುಚ್ಚಿಟ್ಟರೆ ಮುಂದೆ ಮಂಗಳಕ್ಕೆ ಹೋಗುವವರಿಗೆ ಮೋಸ. ಹೇಳಿ, ಅದರಿಂದಲೇ ವಿನ್ಯಾಸ ತಿದ್ದಿಸಿದರೆ ಯೋಜನೆಯೂ ಉಳಿಯುತ್ತದೆ, ಹುದ್ದೆಯೂ ಉಳಿಯುತ್ತದೆ. ಸಭೆಯಲ್ಲಿ ಎದ್ದು ನಿಂತು ತೋರಣದ ಅರ್ಥ ಹೇಳಿದೆ. ಜನರನ್ನು ಒಗ್ಗಿಸಿದ್ದು ಮೂರು ಸುತ್ತಲ್ಲ, ಗೋಡೆಯಾಚೆಯ ಮಾತು. ಹಾಗಾಗಿ ನಗರದ ನಕ್ಷೆಯಲ್ಲಿ ಮೊದಲು ಬರೆಯಬೇಕಾದದ್ದು ಅಕ್ಕಪಕ್ಕದವರು ಬಂದು ಕೂರುವ ಜಗಲಿ ಎಂದೆ. ಸಭೆಯ ಅಧ್ಯಕ್ಷರು ಕೈಪಿಡಿಯ ಮುಖಪುಟ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾಗರತ್ನ ತಲೆ ಎತ್ತಲಿಲ್ಲ.

“ಈಕೆಯ ವಾದ ಒಪ್ಪಿದೆ,” ಅಂದರು ಅಧ್ಯಕ್ಷರು. “ಪ್ರಯೋಗ ಇನ್ನೊಮ್ಮೆ ಆಗಲಿ. ಈ ಸಲ ಸುತ್ತ ಬೇಲಿ ಹಾಕಿಸಿ.”

ಜಗಲಿಯ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಚಿನ್ಮಯ್ ಸರ್ ಬೇಲಿಗೆ ತಕ್ಷಣ ಒಪ್ಪಿದರು; ಗೆದ್ದೆವೆಂಬ ಮಾತನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ನಾಗರತ್ನಳಿಗೆ ಖಾಯಂ ಹುದ್ದೆ ಸಿಕ್ಕಿತು, ಒಳಗಿನವರ ಮೇಲ್ವಿಚಾರಕಿಯಾಗಿ. ಹೊರಗಿನವರು ಯಾರೂ ಗೂಡಿನ ಹತ್ತಿರ ಸುಳಿಯದಂತೆ, ಒಳಗಿನವರು ಅವರೊಡನೆ ಮಾತಾಡದಂತೆ ನೋಡಿಕೊಳ್ಳುವುದೇ ಆ ಹುದ್ದೆಯ ಮುಖ್ಯ ಕೆಲಸ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ವಾದವನ್ನು ಯಾರೂ ಜಾರಿಗೆ ತರುವುದಿಲ್ಲ. ಉದ್ಯೋಗದಲ್ಲಿ ತಂದುಬಿಡುತ್ತಾರೆ, ಅದೂ ಅರ್ಧವನ್ನು ಮಾತ್ರ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಹೊಸ ಗುಮ್ಮಟ ಪಾವಗಡದ ಆಚೆ, ಬರೀ ಬಂಡೆಯಿರುವ ಇಳಿಜಾರಿನಲ್ಲಿ. ಅಲ್ಲಿಗೆ ಹೊರಟ ನಾಗರತ್ನಳನ್ನು ಶಿರಾ ಬಸ್ ನಿಲ್ದಾಣದಲ್ಲಿ ಕಂಡೆ. ಬೇಯಿಸಿದ ಕಡಲೆಕಾಯಿ ಸುಲಿದು ನನಗೂ ಕೊಟ್ಟಳು, ಕೋಪ ಇದ್ದಂತಿರಲಿಲ್ಲ. ಆ ಬಂಡೆಯ ಹತ್ತಿರವೂ ಆಡು ಮೇಯಿಸುವವರು ಓಡಾಡುತ್ತಾರಂತೆ, ಬೇಲಿ ಮುಗಿಯುವ ಮೊದಲೇ ಒಳಗ್ಯಾರು ಎಂದು ವಿಚಾರಿಸಿ ಹೋದರಂತೆ. ಬಸ್ಸು ಬಂತು. ಅವಳು ಬ್ಯಾಗು ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಾಗ ಕೇಳಿದೆ:

“ನಾಗರತ್ನಕ್ಕ, ಒಳಗಿರೋ ಹುಡುಗಿ ಅಳ್ತಾ ಇದ್ದು, ಬೇಲಿ ಆಚೆ ಯಾರೋ ಅಂಬಲಿ ಹಿಡ್ಕೊಂಡು ನಿಂತಿದ್ರೆ, ನೀನು ಯಾರನ್ನ ಸುಮ್ಮನಿರು ಅಂತೀಯ?”