ಗೆರೆ ಮೇಷ್ಟ್ರ ಮೌಸ್

ನೀರು ಸರಬರಾಜು ಕಚೇರಿಯ ನಕ್ಷೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೂತಿರುವ ಆ ಮನುಷ್ಯನನ್ನು ಹೆಸರು ಹಿಡಿದು ಕರೆಯುವವರು ಸಂಬಳದ ಪಟ್ಟಿ ಬರೆಯುವ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವರು ಗೆರೆ ಮೇಷ್ಟ್ರು. ಪಾಠ ಹೇಳಿದವರಲ್ಲ. ಮಸಿಪೆನ್ನಿನ ಕಾಲದಲ್ಲಿ ಅಳತೆಪಟ್ಟಿಯಿಲ್ಲದೆ ಮೊಳದುದ್ದದ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಆ ಹೊತ್ತಿಗೆ ಯಾರಾದರೂ ಕೆಮ್ಮಿದರೆ ದಿನವೆಲ್ಲ ಅವರೊಂದಿಗೆ ಮಾತಿಲ್ಲ.

ಮಸಿ ಹೋಗಿ ಕಂಪ್ಯೂಟರ್ ಬಂತು. ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಅದರಲ್ಲಿ ಕಾಣುವ ಕೊಳವೆಗಳ ಮೇಲೆ ಮೌಸಿನಿಂದ ಹೊಸ ಗೆರೆ ಎಳೆಯುವುದು ಈಗಿನ ಕೆಲಸ. ಬೇರೆಯವರು ಚುಕ್ಕೆ ಚುಕ್ಕೆಯಾಗಿ ಕ್ಲಿಕ್ ಮಾಡುತ್ತ ಹೋಗುತ್ತಾರೆ. ನಡುವಿನ ಗೆರೆಯನ್ನು ಯಂತ್ರವೇ ತುಂಬುತ್ತದೆ. ಮೇಷ್ಟ್ರಿಗೆ ಅದು ಒಗ್ಗಲಿಲ್ಲ. "ಕೊಳವೆ ಮೊಣಕೈ ಮೊಣಕೈ ಆಗಿ ಮಲಗಿರುತ್ತಾ?" ಎಂದು ಕೇಳಿ, ಮೌಸಿನ ಗುಂಡಿ ಒತ್ತಿ ಹಿಡಿದು, ಉಸಿರು ಕಟ್ಟಿ, ಮೊದಲಿನ ಹಾಗೆಯೇ ಎಳೆದರು. ಹನ್ನೊಂದು ವರ್ಷ ಅವರ ಒಂದು ಹಾಳೆಯೂ ತಪಾಸಣೆಯಿಂದ ಹಿಂದಿರುಗಲಿಲ್ಲ.

ಈಗ ಆರು ತಿಂಗಳಲ್ಲಿ ಒಂಬತ್ತು ಹಾಳೆ ಹಿಂದಿರುಗಿದ್ದವು. ಗೆರೆ ಕೊಳವೆ ಬಿಟ್ಟು ಆಚೀಚೆ ಸರಿದಿದೆ ಎಂಬುದು ಆಕ್ಷೇಪಣೆ. ಸಾಹೇಬರು ಕಾಗದ ಕಳಿಸಿದರು: ಇನ್ನೊಂದು ಹಾಳೆ ಹಿಂದಿರುಗಿದರೆ ನಕ್ಷೆ ಕೆಲಸ ಹೊರಗಿನ ಗುತ್ತಿಗೆದಾರರಿಗೆ ಹೋಗುತ್ತದೆ, ಮೇಷ್ಟ್ರು ದೂರು ಕೌಂಟರಿಗೆ.

ತಪ್ಪು ಯಾರದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ವೈರ್‌ಲೆಸ್ ಮೌಸ್ ಎಲ್ಲರ ಕಣ್ಣೆದುರೇ ಹಟ ಮಾಡುತ್ತಿತ್ತು. ಪರದೆಯ ಮೇಲಿನ ಬಾಣ ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಅಂಟಿಕೊಳ್ಳುವುದು, ಆಮೇಲೆ ಒಂದು ಗೇಣು ಹಾರುವುದು.

"ಮೇಷ್ಟ್ರೇ, ನಿಮ್ಮ ಇಲಿಗೆ ಯಾರೋ ಪಾಷಾಣ ಹಾಕಿದಾರೆ," ಎಂದ ವಾಲ್ವ್ ತಿರುಗಿಸುವ ಕೆಲಸದವನು. ಅಗೆಯುವ ಜಾಗದ ನಕ್ಷೆ ಒಯ್ಯಲು ಬಂದಿದ್ದ.

"ನಿನ್ನ ವಾಲ್ವ್ ಸೋರೋದನ್ನ ಮೊದಲು ನಿಲ್ಸಪ್ಪ. ಆಮೇಲೆ ನನ್ನ ಇಲಿಗೆ ವೈದ್ಯ ಮಾಡುವಿಯಂತೆ."

ವೈದ್ಯ ಮಾಡಬೇಕಾದವರು ಸಿಸ್ಟಮ್ ಮೇಡಂ. ಕಚೇರಿಯ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿದವರೂ ಅವರೇ, ಬುಧವಾರ ಮತ್ತು ಶುಕ್ರವಾರ ಬಂದು ನೋಡಿಕೊಳ್ಳುವವರೂ ಅವರೇ. ಬುಧವಾರ ಬ್ಯಾಟರಿ ಬದಲಾಯಿಸಿದರು. ಹೊಳೆಯುವ ಮೇಜಿನ ಮೇಲೆ ಬಿಳಿ ಕಾಗದ ಹಾಸಿದರು. ಕರೆಂಟ್ ಉಳಿಸಲೆಂದು ಲಿನಕ್ಸ್ ಯುಎಸ್‌ಬಿ ಸಾಧನಗಳನ್ನು ಆಗಾಗ ಮಲಗಿಸುತ್ತದೆಂದು, ಅದನ್ನೂ ಒಂದು ಸಾಲಿನ ಆಜ್ಞೆಯಿಂದ ನಿಲ್ಲಿಸಿದರು. ಬಾಣ ಅಂಟಿಕೊಳ್ಳುತ್ತಲೇ ಇತ್ತು. ಕೊನೆಗೆ ಮೊಣಕಾಲೂರಿ ಕೂತು, ಟಾರ್ಚ್ ಹಿಡಿದು ಕಂಪ್ಯೂಟರ್ ಪೆಟ್ಟಿಗೆಯ ಬೆನ್ನು ನೋಡಿದರು. ಮೌಸಿನ ಸಂಕೇತ ಹಿಡಿಯುವ, ಉಗುರಿನಷ್ಟೇ ದೊಡ್ಡದಾದ ರಿಸೀವರ್, ಸ್ಕ್ಯಾನ್ ನಕ್ಷೆಗಳಿದ್ದ ಹಾರ್ಡ್ ಡಿಸ್ಕಿನ ಕೇಬಲ್ಲಿಗೆ ಒತ್ತಿಕೊಂಡಂತೆ ಕೂತಿತ್ತು.

"ಈ ಡಿಸ್ಕ್ ಯಾವಾಗ ಬಂತು ಸರ್?"

"ಆರು ತಿಂಗಳಾಯ್ತು."

"ಅದೇ ಮತ್ತೆ. ಡಿಸ್ಕ್ ಓಡುವಾಗ ಅದರ ಗದ್ದಲದಲ್ಲಿ ಮೌಸ್ ಹೇಳೋದು ಇದಕ್ಕೆ ಕೇಳಲ್ಲ. ಮಿಕ್ಸಿ ಪಕ್ಕ ನಿಂತು ಫೋನಲ್ಲಿ ಮಾತಾಡಿದ ಹಾಗೆ."

ಒಂದು ಉದ್ದ ಕೇಬಲ್ ಹಾಕಿ ರಿಸೀವರನ್ನು ಮೇಜಿನ ಮೇಲಕ್ಕೆ ತಂದರು. ಬಾಣ ಬೆಣ್ಣೆಯ ಮೇಲಿನ ಚಾಕುವಿನ ಹಾಗೆ ಜಾರಿತು. ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿದರು.

"ಸಿಕ್ತು ಕಣೇ."

"ಏನ್ ಸಿಕ್ತು?"

"ಮೌಸಿನ ರೋಗ."

"ನಾನೆಲ್ಲೋ ಲಾಟರಿ ಅಂದ್ಕೊಂಡೆ," ಎಂದು ಆಕೆ ಫೋನಿಟ್ಟರು. ಮನೆಯಲ್ಲೇ ಹೊಲಿಗೆ ಕೆಲಸ ಆಕೆಯದು; ಕೈಯಲ್ಲಿ ಯಾರದೋ ರವಿಕೆಯ ತೋಳಿತ್ತು.

ಮರುದಿನ ಮೇಷ್ಟ್ರು ನಲವತ್ತೊಂದನೇ ಹಾಳೆ ಎಳೆದರು. ಬಾಣ ಒಮ್ಮೆಯೂ ಅಂಟಿಕೊಳ್ಳಲಿಲ್ಲ, ಹಾರಲಿಲ್ಲ. ಮುಗಿಸಿ ದೊಡ್ಡದು ಮಾಡಿ ನೋಡಿದರು. ಗೆರೆಯ ಅಂಚು ಗರಗಸದ ಹಲ್ಲಿನಂತಿತ್ತು. ಅಳಿಸಿ ಮತ್ತೆ ಎಳೆದರು. ಹಾಗೆ ನಾಲ್ಕು ಸಲ. ಹಾಳೆಯನ್ನು ತಪಾಸಣೆಗೆ ಕಳಿಸಲಿಲ್ಲ.

"ಇನ್ನೂ ಸ್ವಲ್ಪ ಉಳ್ಕೊಂಡಿದೆ ಮೇಡಂ," ಎಂದರು ಶುಕ್ರವಾರ.

ಮೇಡಂ ಡ್ರಾಯರಿನಿಂದ ವೈರಿರುವ ಹಳೆಯ ಮೌಸ್ ತೆಗೆದು ಹಾಕಿದರು. ಅದರಲ್ಲೂ ಗರಗಸವೇ. ಆಗ ಅವರು ಪರದೆಯಲ್ಲೊಂದು ಕಪ್ಪು ಕಿಟಕಿ ತೆರೆದರು. ಮೌಸ್ ಕೂದಲೆಳೆಯಷ್ಟು ಸರಿದರೂ ಅದರಲ್ಲಿ ಒಂದು ಸಾಲು ಮೂಡುತ್ತದೆ: ಬಲಕ್ಕೆ ಸರಿದರೆ ಒಂದು, ಎಡಕ್ಕಾದರೆ ಮೈನಸ್ ಒಂದು. ಯಾರೂ ಮುಟ್ಟದಿದ್ದಾಗ ಕಿಟಕಿ ಖಾಲಿ.

"ಸುಮ್ನೆ ಕೈ ಇಡಿ. ಅಲ್ಲಾಡಿಸ್ಬೇಡಿ."

ಮೇಷ್ಟ್ರು ಕೈ ಇಟ್ಟರು. ಸಾಲುಗಳು ಸುರಿದವು. ಒಂದು, ಮೈನಸ್ ಒಂದು, ಒಂದು, ಮೈನಸ್ ಒಂದು.

"ಅಲ್ಲಾಡಿಸ್ಬೇಡಿ ಸರ್."

"ಅಲ್ಲಾಡಿಸ್ತಿಲ್ಲ."

ಮೇಡಂ ತಮ್ಮ ಕೈ ಇಟ್ಟು ನೋಡಿದರು. ಏನೂ ಮೂಡಲಿಲ್ಲ. ಮೇಷ್ಟ್ರು ಮತ್ತೆ ಹಿಡಿದು ಉಸಿರು ಕಟ್ಟಿದರು. ಸಾಲುಗಳು ಇನ್ನೂ ಜೋರಾಗಿ ಓಡಿದವು.

ಕೆಟ್ಟ ಮೌಸ್ ಆರು ತಿಂಗಳು ಈ ಕೈಯನ್ನು ಮರೆಮಾಡಿತ್ತು. ಮೌಸ್ ನಿಜಕ್ಕೂ ಕೆಟ್ಟಿದ್ದರಿಂದ ಬೇರೆಡೆ ಹುಡುಕಬೇಕೆಂದು ಯಾರಿಗೂ ಅನಿಸಿರಲಿಲ್ಲ.

"ಯಾವಾಗಿಂದ ಸರ್?"

"ಗೊತ್ತಿಲ್ಲ. ಅಂಗಿ ಗುಂಡಿ ಹಾಕೋಕೆ ಆಗ್ತಿರ್ಲಿಲ್ಲ. ಕಾಜ ಬಿಗಿ ಮಾಡಿದೀಯ ಅಂತ ಹೆಂಡ್ತೀನ ಬೈದೆ."

ಮೇಡಂ ಡಾಕ್ಟರಿಗೆ ತೋರಿಸಲು ಹೇಳಿದರು. ಚುಕ್ಕೆ ಇಡುವ ಕ್ರಮವನ್ನಾದರೂ ನೋಡೋಣವೆಂದರು. ಮೇಷ್ಟ್ರು ಗುಂಡಿ ಒತ್ತುವಾಗಲೇ ಬಾಣ ಜರುಗಿ, ಮೂರರಲ್ಲೊಂದು ಚುಕ್ಕೆ ಕೊಳವೆಯ ಹೊರಗೆ ಬಿತ್ತು.

"ಗೆರೇನ ನುಣುಪು ಮಾಡೋ ಸೌಲಭ್ಯ ಇದೆ ಸರ್ ಇದರಲ್ಲಿ."

"ನುಣುಪು ಮಾಡಿದ್ರೆ ಗೆರೆ ಚಂದ ಆಗುತ್ತೆ. ಕೊಳವೆ ಅದರಡಿ ಇರಲ್ಲ."

ಮೇಡಂ ವರದಿಯ ಹಾಳೆ ತೆಗೆದರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ಮೌಸ್ ಕೆಟ್ಟಿದೆ, ಹೊಸದು ತರಿಸ್ಬೇಕು ಅಂತ ಬರೀಲಾ? ಎರಡು ತಿಂಗಳು ಯಾರೂ ಕೇಳಲ್ಲ."

ಮೇಷ್ಟ್ರು ನಲವತ್ತೊಂದನೇ ಹಾಳೆ ನೋಡಿದರು. "ಇದನ್ನ ನಂಬಿ ಆ ವಾಲ್ವಿನವನು ಗುದ್ದಲಿ ಹಾಕ್ತಾನೆ ಮೇಡಂ. ಕೊಳವೆ ಪಕ್ಕದಲ್ಲೇ ಕರೆಂಟ್ ಕೇಬಲ್ ಇದೆ." ಆಮೇಲೆ ಹೇಳಿದರು, "ಮೌಸ್ ಸರಿಯಿದೆ ಅಂತಲೇ ಬರೀರಿ."

ಸಂಜೆ ಮನೆಗೆ ಬಂದಾಗ ಹೆಂಡತಿ ಮಿಶನ್ನಿನ ಮುಂದಿದ್ದರು.

"ಹಾಳೆ ಹೋಯ್ತೇನ್ರೀ?"

"ಇಲ್ಲ."

"ಮೌಸ್ ಸರಿಯಾಯ್ತು ಅಂದ್ರಲ್ಲ?"

"ಸರಿಯಾಗಿದೆ."

ಆಕೆ ಪೆಡಲ್ ನಿಲ್ಲಿಸಿದರು. ಮೇಷ್ಟ್ರು ಬಲಗೈಯನ್ನು ಬಟ್ಟೆ ಕತ್ತರಿಸುವ ಹಲಗೆಯ ಮೇಲಿಟ್ಟರು. ಅಲ್ಲಾಡಿಸಲಿಲ್ಲ. ಆಕೆ ಬಹಳ ಹೊತ್ತು ನೋಡಿದರು. ಆಮೇಲೆ ಜಾರುವ ಬಟ್ಟೆಯನ್ನು ಒತ್ತಿ ಹಿಡಿಯುವ ಹಾಗೆ ತಮ್ಮ ಅಂಗೈಯನ್ನು ಅದರ ಮೇಲಿಟ್ಟು ಒತ್ತಿದರು. ಅದರಡಿಯಲ್ಲೂ ಕೈ ನಿಲ್ಲಲಿಲ್ಲ.

"ಸೋಮವಾರದಿಂದ ದೂರು ಕೌಂಟರಿಗೆ ಹೋಗ್ತೀನಿ," ಎಂದರು ಮೇಷ್ಟ್ರು.

"ಅಲ್ಲೇನು ಕೆಲ್ಸ?"

"ಜನ ಬಂದು ಹೇಳ್ತಾರೆ. ಕೇಳಿಸ್ಕೊಳ್ಳೋದು."