ಎಟೆಲ್ಕಾ ಸಾಕಿದ ಮುಕ್ಕುರೆಕ್ಕೆಯ ನೊಣಗಳು

ಸೆಗೆಡ್ ಊರಿನ ನಮ್ಮ ಸಂಶೋಧನಾಲಯದಲ್ಲಿ ಎಟೆಲ್ಕಾ ಮೂವತ್ತೊಂದು ವರ್ಷ ಹಣ್ಣಿನ ನೊಣ ಸಾಕಿದಳು. ಎಲ್ಲರ ಬಾಯಲ್ಲೂ ಅವಳು ‘ನೇನಿ’, ಅತ್ತೆಯ ಲೆಕ್ಕ. ನಾನು ಅಲ್ಲಿ ಯಂತ್ರ ರಿಪೇರಿಯವನು. ಓದಿದ್ದು ಎಂಟನೇ ತರಗತಿ. ಆದರೂ ಆ ನೊಣಗಳ ಸಂಗತಿಯನ್ನು ಯಾವ ಪಂಡಿತನಿಗೂ ಕಡಿಮೆಯಿಲ್ಲದಂತೆ ಹೇಳಬಲ್ಲೆ. ಹುಳದ ಮೈಯೊಳಗೆ ರೆಕ್ಕೆ ಮೂಡುವಾಗ ಒಂದು ಜೀವಕೋಶ ಪಕ್ಕದ್ದಕ್ಕೆ ‘ನೀನು ಅಂಚಾಗು’ ಎಂದು ಸುದ್ದಿ ಮುಟ್ಟಿಸಬೇಕು. ಎಟೆಲ್ಕಾಳ ಒಂದು ತಳಿಯಲ್ಲಿ ಪಕ್ಕದ ಕೋಶಕ್ಕೆ ಕಿವುಡು. ಹಾಗಾಗಿ ರೆಕ್ಕೆಯ ಅಂಚು ಇಲಿ ಕಡಿದ ರೊಟ್ಟಿಯಂತೆ ಮುಕ್ಕು. ಆ ಕಿವುಡಿನ ಮೂಲ ಹುಡುಕುತ್ತ ಇಲ್ದಿಕೊ ಎಂಬ ಹುಡುಗಿ ಆರು ವರ್ಷ ಸವೆಸಿದ್ದಳು. ತಳಿ ಉಳಿದಿದ್ದದ್ದು ಎಟೆಲ್ಕಾಳ ಎರಡು ಸೀಸೆಗಳಲ್ಲಿ ಮಾತ್ರ.

ನೊಣವನ್ನು ಬಿತ್ತನೆ ಬೀಜದಂತೆ ಕಟ್ಟಿಡಲು ಬರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮೆಕ್ಕೆಜೋಳದ ಗಂಜಿ ಹುಯ್ದ ಹೊಸ ಸೀಸೆಗೆ ದಾಟಿಸಲೇಬೇಕು. ಗಂಡನನ್ನು ಮಣ್ಣು ಮಾಡಿದ ದಿನವೂ ಅವಳು ಕರಿಬಟ್ಟೆಯಲ್ಲೇ ಬಂದು ದಾಟಿಸಿದಳು.

"ಅವನಿಗೇನು, ಕಾಯ್ತಾನೆ. ಇವು ಕಾಯಲ್ಲ," ಅಂದಳು ನನಗೆ.

ಕೊನೆಯ ವರ್ಷ ಕಣ್ಣಿಗೆ ಪೊರೆ ಬಂತು. ಹೇಳಿದರೆ ಮನೆಗೆ ಕಳಿಸುತ್ತಾರೆಂದು ಮುಚ್ಚಿಟ್ಟಳು. ಒಂದು ಕೆಟ್ಟರೂ ಇನ್ನೊಂದು ಉಳಿಯಲಿ, ಎರಡು ಸೀಸೆಗಳನ್ನು ಒಂದೇ ದಿನ ತೆರೆಯಬಾರದು ಎಂಬುದು ಅವಳೇ ಎಲ್ಲರಿಗೂ ಕಲಿಸಿದ ಪಾಠ. ಈಗ ಬಿಸಿಲು ಚೆನ್ನಾಗಿದ್ದ ದಿನ ನೋಡಿ ಎರಡನ್ನೂ ಒಟ್ಟಿಗೆ ಮುಗಿಸತೊಡಗಿದಳು. ಕೋಣೆಯಲ್ಲಿ ತಪ್ಪಿಸಿಕೊಂಡು ತಿರುಗುವ, ಅಂಚು ಮುಕ್ಕಾಗದ ಗಟ್ಟಿರೆಕ್ಕೆಯ ನೊಣಗಳು ಎರಡಕ್ಕೂ ಹೊಕ್ಕವು. ಗಟ್ಟಿಯವು ಹೆಚ್ಚಿದವು, ಮುಕ್ಕು ಕರಗುತ್ತ ಹೋಯಿತು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಇಲ್ದಿಕೊ ಮೊದಲು ನನ್ನನ್ನು ಕರೆದಳು, ಸೀಸೆಗಳನ್ನು ಬೆಚ್ಚಗಿಡುವ ಕಪಾಟಿನ ಶಾಖ ಕೆಟ್ಟಿದೆಯೇ ನೋಡಲು. ಕೆಟ್ಟಿರಲಿಲ್ಲ. ಆಮೇಲೆ ಎಟೆಲ್ಕಾಳ ಕಡೆ ತಿರುಗಿದಳು.

"ನೇನಿ, ಇವುಗಳ ರೆಕ್ಕೆ ಪೂರ್ತಿ ಇದೆ."

"ಸರಿಯಾಗಿ ನೋಡೇ. ರಾತ್ರಿ ಕುಣಿದು ಬಂದಿದ್ದೀಯೋ ಏನೋ."

"ನೋಡ್ದೆ. ನೀವೂ ನೋಡಿ."

ಎಟೆಲ್ಕಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಕುಳಿತಳು.

"ನಂಗೇನೂ ಕಾಣಲ್ಲ ಮಗಾ. ಈಸ್ಟರಿನಿಂದಲೂ ಕಾಣ್ತಿಲ್ಲ."

ಇಲ್ದಿಕೊ ಬೈಯಲಿಲ್ಲ. ಬೈದಿದ್ದರೆ ಮುದುಕಿಗೆ ಹಗುರವಾಗುತ್ತಿತ್ತೇನೋ. ಮೂರು ವಾರ ನಾವಿಬ್ಬರೂ ನೊಣಗಳನ್ನು ಮಂಪರು ಬರಿಸುವ ಅನಿಲದಲ್ಲಿ ಮಲಗಿಸಿ, ಕುಂಚದ ತುದಿಯಿಂದ ಒಂದೊಂದನ್ನೇ ಹೊರಳಿಸಿ ನೋಡಿದೆವು. ಎಟೆಲ್ಕಾ ಪಕ್ಕದಲ್ಲಿ ಕುಳಿತು, ಪ್ರತಿ ತಟ್ಟೆ ಮುಗಿದಾಗಲೂ ನಮ್ಮ ಮುಖದ ಕಡೆ ತಿರುಗುತ್ತಿದ್ದಳು. ಒಂದೇ ಒಂದು ಮುಕ್ಕು ಸಿಕ್ಕಿದ್ದರೂ ತಳಿಯನ್ನು ಮತ್ತೆ ಕಟ್ಟಬಹುದಿತ್ತು. ಸಿಗಲಿಲ್ಲ.

ಬೇಡದ ನೊಣಗಳನ್ನು ಸ್ಪಿರಿಟ್ ಜಾಡಿಗೆ ಸುರಿಯುವುದು ಅಲ್ಲಿನ ಕ್ರಮ. ಇಲ್ದಿಕೊ ಸೀಸೆಗಳಿಗೆ ಕೈ ಚಾಚಿದಳು. ಎಟೆಲ್ಕಾ ಕೊಡಲಿಲ್ಲ.

"ಬಿಡು. ಸಾಕಿದೋಳು ನಾನು."

ಒಂದೊಂದಾಗಿ ಮಗುಚಿದಳು. ಮಲಗಿದ್ದ ಕೆಲವು ನೊಣ ಜಾಡಿಯ ಹೊರಗೆ ಮೇಜಿನ ಮೇಲೆ ಬಿದ್ದವು. ನಾನು ತೋರಿಸಲು ಹೋದೆ. ಇಲ್ದಿಕೊ ನನ್ನ ತೋಳು ಹಿಡಿದಳು. ಎಟೆಲ್ಕಾ ಬೆರಳಿಂದ ಮೇಜು ತಡವಿ ತಡವಿ, ಅವುಗಳನ್ನು ಹುಡುಕಿ, ಒಳಗೆ ಹಾಕುತ್ತಿದ್ದಳು.